ಬರಿದಾಗಿ ಮರಳಿದ ದೋಣಿಯ ಲೆಕ್ಕ

ಮಂಗಳೂರಿನ ಮನೆಗಳಲ್ಲಿ ಕ್ಷೇಮಸಮಾಚಾರದ ಜೊತೆಜೊತೆಗೇ ಕೇಳಿಬರುವ ಒಂದು ಪ್ರಶ್ನೆಯಿದೆ: ಇವತ್ತು ಮೀನು ಉಂಟೋ? ಉಂಟೆಂದಾದರೆ ಯಾವುದು, ಕ್ರಯವೇನು ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ಆದರೆ ಆ ಮೀನನ್ನು ತರುವುದಕ್ಕೆ ಎಷ್ಟು ದೋಣಿಗಳು ಹೋಗಿದ್ದುವು, ಅವು ಎಷ್ಟು ಹೊತ್ತು ನೀರಿನ ಮೇಲಿದ್ದುವು, ಅವುಗಳಲ್ಲಿ ಎಷ್ಟು ಬರಿದಾಗಿ ಮರಳಿದುವು ಎಂದು ಕೇಳಿದವರನ್ನು ನಾನು ಈ ಅರುವತ್ತಕ್ಕೆ ಮೀರಿದ ವಯಸ್ಸಿನಲ್ಲಿ ಕಂಡದ್ದು ಬಹಳ ಕಡಿಮೆ. ಯಾರೂ ಕೇಳದ ಈ ಎರಡನೆಯ ಪ್ರಶ್ನೆಯನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ.

ನಾನು ಮತ್ಸ್ಯವಿಜ್ಞಾನವನ್ನು ಓದಿದವನಲ್ಲ. ಕನ್ನಡ ಎಂ.ಎ. ಮಾಡಿ, ಮೂವತ್ತಕ್ಕೂ ಹೆಚ್ಚು ವರ್ಷ ಹಳಗನ್ನಡ, ಛಂದಸ್ಸು, ಗ್ರಂಥಸಂಪಾದನೆಗಳನ್ನು ಪಾಠ ಹೇಳಿ ನಿವೃತ್ತನಾದವನು. ಈ ವಿಷಯದ ಕಡೆಗೆ ನನ್ನನ್ನು ಎಳೆದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಕಡಲತೀರದಲ್ಲಿ ನಿಂತು ಮೀನಿನ ಲೆಕ್ಕ ಬರೆದುಕೊಳ್ಳುವುದು ಅವನ ಉದ್ಯೋಗ. ಒಂದು ಮುಂಜಾನೆ ದಕ್ಕೆಯ ಕಡೆ ತಿರುಗಾಡಲು ಹೋದವನಿಗೆ ಅವನು ಸಿಕ್ಕಿದ. ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಮುದ್ರಿತ ಹಾಳೆ, ಕಿವಿಯ ಮೇಲೆ ಪೆನ್ಸಿಲು. "ಸಾರ್, ತರಗತಿಯಲ್ಲಿ ನೀವು ಪಾಠಾಂತರ ಅಂತ ಹೇಳುತ್ತಿದ್ದಿರಲ್ಲ, ನನಗೆ ಇಲ್ಲಿ ದಿನವೂ ಅದೇ ಕೆಲಸ" ಎಂದ. ದೋಣಿಯ ತಾಂಡೇಲ ಆರು ಬುಟ್ಟಿ ಎನ್ನುತ್ತಾನೆ, ಏಲಂ ಕೂಗುವವನು ಐದು ಎನ್ನುತ್ತಾನೆ, ಹೊತ್ತು ತಂದವನನ್ನು ಕೇಳಿದರೆ ಆರರ ಮೇಲೆ ಸ್ವಲ್ಪ ಎನ್ನುತ್ತಾನೆ. ದೋಣಿಯವರು ತಮ್ಮ ತಮ್ಮ ಮನೆಯ ಪದಾರ್ಥಕ್ಕೆಂದು ತೆಗೆದಿರಿಸಿಕೊಂಡ ಮೀನು ಯಾರ ಲೆಕ್ಕದಲ್ಲಿಯೂ ಬರುವುದಿಲ್ಲ. ಇವುಗಳಲ್ಲಿ ಮೂಲಪಾಠ ಯಾವುದೆಂದು ನಿರ್ಣಯಿಸಿ ಅವನು ಒಂದು ಅಂಕಿಯನ್ನು ಬರೆಯಬೇಕು. ನನಗೆ ಈ ಕೆಲಸ ತಟ್ಟನೆ ಆತ್ಮೀಯವಾಗಿ ಕಂಡಿತು.

ನಮ್ಮ ದೇಶದಲ್ಲಿ ಕಡಲ ಮೀನನ್ನು ಎಣಿಸುವ ಕ್ರಮಕ್ಕೆ ಎಪ್ಪತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. 1947ರಲ್ಲಿ ಆರಂಭವಾಗಿ, ಮುಂದೆ ಕೊಚ್ಚಿಯಲ್ಲಿ ನೆಲೆಗೊಂಡ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಈ ಕೆಲಸವನ್ನು ನಡೆಸುತ್ತ ಬಂದಿದೆ. ಅದರ ಕೇಂದ್ರವೊಂದು ನಮ್ಮ ಮಂಗಳೂರಿನಲ್ಲಿಯೂ ಇದೆ. ಹೊಲದ ಬೆಳೆಯನ್ನು ಅಂದಾಜು ಮಾಡುವ ನಮೂನೆ ಸಮೀಕ್ಷೆಯ ಶಾಸ್ತ್ರವನ್ನು ನಮ್ಮಲ್ಲಿ ಬೆಳೆಸಿದ ಸುಖಾತ್ಮೆ, ಪಾನ್ಸೆ ಮೊದಲಾದವರೇ ಕಡಲ ಮೀನಿನ ಅಂದಾಜನ್ನು ಕುರಿತು 1958ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಹೊಲ ಇದ್ದಲ್ಲಿಯೇ ಇರುತ್ತದೆ, ಅಳತೆಗೆ ನಿಲ್ಲುತ್ತದೆ. ಕಡಲಿನ ಬೆಳೆ ಹಾಗಲ್ಲ. ಅದು ಯಾವ ಹೊತ್ತಿಗೆ ಯಾವ ದಡಕ್ಕೆ ಬರುತ್ತದೆಂಬುದು ಗಾಳಿಗೂ ನೀರಿಗೂ ಬಿಟ್ಟ ಸಂಗತಿ. 2010ರ ಗಣತಿಯ ಪ್ರಕಾರ ದೇಶದ ಕರಾವಳಿಯಲ್ಲಿ 3,288 ಮೀನುಗಾರ ಹಳ್ಳಿಗಳೂ ಮೀನು ದಡ ಸೇರುವ 1,511 ಕೇಂದ್ರಗಳೂ ಇದ್ದುವು. ಕರ್ನಾಟಕದ ಪಾಲಿಗೆ 144 ಹಳ್ಳಿಗಳು, 96 ಕೇಂದ್ರಗಳು. ಎಲ್ಲ ದಿನ ಎಲ್ಲ ಕಡೆ ಒಬ್ಬೊಬ್ಬನನ್ನು ನಿಲ್ಲಿಸುವುದು ಆಗದ ಮಾತು.

ಆದುದರಿಂದ ಒಂದು ಉಪಾಯ. ತಿಂಗಳನ್ನು ಹತ್ತು ಹತ್ತು ದಿನಗಳ ಮೂರು ಪಾಲು ಮಾಡುತ್ತಾರೆ. ಯಾವ ದಿನ ಯಾವ ಕೇಂದ್ರಕ್ಕೆ ಹೋಗಬೇಕೆಂಬುದನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ. ಲೆಕ್ಕದವನ ಅನುಕೂಲಕ್ಕೆ ಅದನ್ನು ಬಿಡುವುದಿಲ್ಲ. ಆರಿಸಿದ ದಿನ ಅವನು ಮಧ್ಯಾಹ್ನ ಹನ್ನೆರಡರಿಂದ ಸಂಜೆ ಆರರವರೆಗೆ ದಡದಲ್ಲಿರುತ್ತಾನೆ. ಮರುದಿನ ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ಮತ್ತೆ ನಿಲ್ಲುತ್ತಾನೆ. ನಡುವಿನ ರಾತ್ರಿ ಬಂದ ದೋಣಿಗಳ ವಿಷಯವನ್ನು ವಿಚಾರಿಸಿ ತಿಳಿಯುತ್ತಾನೆ. ಬಂದ ದೋಣಿಗಳು ಕೆಲವೇ ಆದರೆ ಎಲ್ಲವನ್ನೂ ನೋಡುತ್ತಾನೆ, ಬಹಳವಾದರೆ ನಿಯಮದಂತೆ ಕೆಲವನ್ನು ಆಯ್ದುಕೊಳ್ಳುತ್ತಾನೆ. ಅರುವತ್ತು ದೋಣಿ ಬಂದು, ನೋಡಿದ ಹತ್ತರ ಸರಾಸರಿ ಮೂವತ್ತೈದು ಕಿಲೋ ಆದರೆ, ಆ ದಿನದ ಮೀನು ಎರಡು ಸಾವಿರದ ನೂರು ಕಿಲೋ ಎಂದು ಲೆಕ್ಕ. ಹೀಗೆ ದಿನದಿಂದ ಹತ್ತು ದಿನಕ್ಕೆ, ಅಲ್ಲಿಂದ ತಿಂಗಳಿಗೆ, ತಿಂಗಳಿಂದ ರಾಜ್ಯಕ್ಕೆ ಏರುತ್ತಾರೆ. ಪತ್ರಿಕೆಯಲ್ಲಿ ನಾವು ಓದುವ ಲಕ್ಷ ಟನ್ನುಗಳ ಬುಡದಲ್ಲಿ ಇರುವುದು ಹೀಗೆ ದಡದಲ್ಲಿ ನಿಂತವನ ಪೆನ್ಸಿಲು.

ಅವನ ಹಾಳೆಯಲ್ಲಿ ಮೀನಿನ ತೂಕಕ್ಕೆ ಮಾತ್ರವೇ ಅಂಕಣಗಳಿರುವುದಿಲ್ಲ. ದೋಣಿ ಎಂತಹದು, ಬಲೆ ಯಾವುದು, ಆಳು ಎಷ್ಟು, ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬಂದರು ಎಂಬುದಕ್ಕೂ ಅಂಕಣಗಳಿವೆ. ಮೊದಲನೆಯದನ್ನು ಶಾಸ್ತ್ರದವರು 'ಕ್ಯಾಚ್' ಎಂದೂ ಎರಡನೆಯದನ್ನು 'ಎಫರ್ಟ್' ಎಂದೂ ಕರೆಯುತ್ತಾರೆ. ಕನ್ನಡದಲ್ಲಿ ಕೆಲವರು ಹಿಡುವಳಿ, ಪ್ರಯತ್ನ ಎಂದು ಬರೆದುದನ್ನು ಕಂಡಿದ್ದೇನೆ. ಹಿಡುವಳಿಯೆಂದರೆ ನಮ್ಮ ಕಿವಿಗೆ ಪಹಣಿಪತ್ರದ ವಾಸನೆ ಬಡಿಯುತ್ತದೆ. ಪ್ರಯತ್ನವೆಂದರೆ ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಹುಡುಗನ ನೆನಪಾಗುತ್ತದೆ. ಹಿಡಿತ, ದುಡಿಮೆ ಎಂಬ ಮಾತುಗಳೇ ನನಗೆ ಹಿತವಾಗಿವೆ. ಹಿಡಿತವನ್ನು ದುಡಿಮೆಯಿಂದ ಭಾಗಿಸಿದರೆ, ಒಂದು ದೋಣಿಯ ಒಂದು ದಿನಕ್ಕೆ, ಅಥವಾ ಒಂದು ಗಂಟೆಗೆ, ಕಡಲು ಕೊಟ್ಟದ್ದೆಷ್ಟು ಎಂಬುದು ಬರುತ್ತದೆ. ನೀರಿನೊಳಗೆ ಇಣುಕಿ ಮೀನನ್ನು ಎಣಿಸಲಾರದ ಮನುಷ್ಯ ಅದರ ಹೆಚ್ಚು ಕಡಿಮೆಯನ್ನು ಊಹಿಸಲು ಕಂಡುಕೊಂಡ ದಾರಿ ಇದು.

ದುಡಿಮೆಯನ್ನು ಬಿಟ್ಟು ಹಿಡಿತವನ್ನು ಮಾತ್ರ ನೋಡಿದರೆ ಏನಾಗುತ್ತದೆ? 2019ರಲ್ಲಿ ದೇಶದ ಕಡಲ ಮೀನು 35.6 ಲಕ್ಷ ಟನ್ ಎಂದು ಅಂದಾಜಾಗಿತ್ತು. 2020ರಲ್ಲಿ ಅದು 27.3 ಲಕ್ಷ ಟನ್ನಿಗೆ ಇಳಿಯಿತು. ಇನ್ನು ನೂರು ವರ್ಷಗಳ ಬಳಿಕ ಈ ಎರಡು ಅಂಕಿಗಳನ್ನು ಮಾತ್ರ ಕಂಡ ಒಬ್ಬ ಸಂಶೋಧಕ, ಆ ವರ್ಷ ಕಡಲಿಗೆ ಏನೋ ಕೇಡು ಬಡಿಯಿತೆಂದು ಬರೆದಾನು. ಕೇಡು ಬಡಿದದ್ದು ದಡದಲ್ಲಿದ್ದ ನಮಗೆ. ಆ ವರ್ಷದ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣದಿಂದ ದೇಶವೆಲ್ಲ ಬಾಗಿಲು ಹಾಕಿತು. ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ವಾರಗಟ್ಟಲೆ ನಿಂತುವು. ದುಡಿಮೆಯ ಅಂಕಣವನ್ನು ಪಕ್ಕದಲ್ಲಿಟ್ಟರೆ ಒಗಟು ಬಿಡಿಸಿಕೊಳ್ಳುತ್ತದೆ.

ಇದು ಸುಲಭದ ಉದಾಹರಣೆ. ಕಷ್ಟವಿರುವುದು ಸಣ್ಣ ದೋಣಿಗಳಲ್ಲಿ. ದೊಡ್ಡ ಯಾಂತ್ರಿಕ ದೋಣಿ ಬಂದರಿನಿಂದ ಹೊರಡುತ್ತದೆ, ಬಂದರಿಗೇ ಮರಳುತ್ತದೆ; ಅದರ ಡೀಸೆಲಿಗೂ ಮಂಜುಗಡ್ಡೆಗೂ ಚೀಟಿಗಳಿವೆ. ಬೆಂಗ್ರೆ, ಉಳ್ಳಾಲ, ಹೊಸಬೆಟ್ಟು, ಸಸಿಹಿತ್ಲುಗಳ ನಾಡದೋಣಿಗೆ ಇದಾವುದೂ ಇಲ್ಲ. ಅದು ಮನೆಯೆದುರಿನ ಮರಳಿನಿಂದ ಹೊರಟು, ಅಲೆ ಎಲ್ಲಿ ಅನುಕೂಲವೋ ಅಲ್ಲಿ ಹತ್ತುತ್ತದೆ. ಇವತ್ತು ಬೀಸುಬಲೆ, ನಾಳೆ ಕೈರಂಪಣಿ, ಮಳೆ ಹಿಡಿದ ಮೇಲೆ ಮಾಟುಬಲೆ. ಬೂತಾಯಿಗೆ ಬೀಸಿದ ಬಲೆಯಲ್ಲಿ ಬಂಗುಡೆ ಬಂದೀತು, ಕಾಣೆಗೆ ಕಾದವನಿಗೆ ಎಟ್ಟಿ ಸಿಕ್ಕೀತು. ಇವೆಲ್ಲವನ್ನೂ 'ಒಂದು ದೋಣಿ, ಒಂದು ದಿನ' ಎಂಬ ಒಂದೇ ಅಳತೆಗೋಲಿನಿಂದ ಅಳೆಯುವುದೆಂದರೆ, ಕಂದಪದ್ಯವನ್ನೂ ವಚನವನ್ನೂ ಒಂದೇ ಪ್ರಸ್ತಾರದಲ್ಲಿ ಹಾಕಿದ ಹಾಗೆ.

ಅಳತೆಗೋಲು ಕೂಡ ನಿಂತಲ್ಲಿ ನಿಲ್ಲುವುದಿಲ್ಲ. ಹುಟ್ಟು ಹಾಕಿಕೊಂಡು ಹೋಗುತ್ತಿದ್ದ ದೋಣಿಯ ಹಿಂದೆ ಈಗ ಯಂತ್ರವಿದೆ. ಹತ್ತಿಯ ಬಲೆ ಹೋಗಿ ನೈಲಾನ್ ಬಂತು. ಯಾವ ಬಂಡೆಯ ಬುಡದಲ್ಲಿ ಮೀನಿದೆಯೆಂದು ಅಜ್ಜ ಮೊಮ್ಮಗನಿಗೆ ಕಿವಿಯಲ್ಲಿ ಹೇಳುತ್ತಿದ್ದ ಗುಟ್ಟನ್ನು ಈಗ ಅಂಗೈಯಗಲದ ಉಪಕರಣ ತೋರಿಸುತ್ತದೆ. ಮೂವತ್ತು ವರ್ಷಗಳ ಹಿಂದೆ ನಾಡದೋಣಿಯ ಒಂದು ದಿನಕ್ಕೆ ಐವತ್ತು ಕಿಲೋ ಬರುತ್ತಿತ್ತು, ಈಗಲೂ ಐವತ್ತೇ ಬರುತ್ತದೆ ಎಂದಿಟ್ಟುಕೊಳ್ಳೋಣ. ಕಾಗದದ ಮೇಲೆ ಕಡಲು ಬದಲಾಗಿಲ್ಲ. ಆದರೆ ಅಂದಿನ ದೋಣಿ ಎರಡು ಮೈಲಿ ಹೋಗಿ ಬರುವ ಹೊತ್ತಿನಲ್ಲಿ ಇಂದಿನದು ಆರು ಮೈಲಿ ತಿರುಗಿ ಬಂದಿರುತ್ತದೆ. ಮೂರು ಪಾಲು ಹುಡುಕಿದ ಮೇಲೆ ಸಿಕ್ಕಿದ ಐವತ್ತನ್ನು ಹಳೆಯ ಐವತ್ತಕ್ಕೆ ಸಮವೆನ್ನಲು ನಮ್ಮ ಅಂಗಡಿಯ ಲೆಕ್ಕವೂ ಒಪ್ಪಲಾರದು. ಅದಕ್ಕಾಗಿ ಶಾಸ್ತ್ರದವರು ಬೇರೆ ಬೇರೆ ದೋಣಿಬಲೆಗಳ ದುಡಿಮೆಯನ್ನು ಒಂದು ಸಾಮಾನ್ಯ ಮಾನಕ್ಕೆ ತರುತ್ತಾರೆ. ಹಾಗೆ ತರಬೇಕಾದರೆ ಯಂತ್ರದ ಬಲವೆಷ್ಟು, ಬಲೆಯ ಉದ್ದವೆಷ್ಟು, ಗಂಟೆ ಎಷ್ಟೆಂಬುದು ಮೊದಲು ಹಾಳೆಯಲ್ಲಿ ಇರಬೇಕು.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಸೊನ್ನೆಯ ವಿಷಯ. ಒಂದು ಕಲ್ಪಿತ ಲೆಕ್ಕವನ್ನು ಹೇಳುತ್ತೇನೆ, ದಯವಿಟ್ಟು ಮನಸ್ಸಿನಲ್ಲಿಯೇ ಮಾಡಿ ನೋಡಿ. ಒಂದು ಊರಿನಿಂದ ಹತ್ತು ದೋಣಿ ಹೋದುವು. ನಾಲ್ಕಕ್ಕೆ ನೂರು ನೂರು ಕಿಲೋ ಸಿಕ್ಕಿತು, ಆರು ಬರಿದಾಗಿ ಬಂದುವು. ಬರಿದಾದ ದೋಣಿ ಏಲಂ ಕಟ್ಟೆಗೆ ಬರುವುದಿಲ್ಲ; ನೇರವಾಗಿ ಮರಳಿಗೆ ಹತ್ತಿಸಿ ಆಳುಗಳು ಮನೆಗೆ ಹೋಗುತ್ತಾರೆ. ಕಟ್ಟೆಯಲ್ಲಿ ನಿಂತವನು ಬಂದ ನಾಲ್ಕನ್ನು ಮಾತ್ರ ಬರೆದರೆ, ದೋಣಿಗೆ ನೂರು ಕಿಲೋ. ನಿಜವಾದದ್ದು ನಲುವತ್ತು. ಮರುವರ್ಷ ಅದೇ ಹತ್ತು ಹೋದುವು. ಎರಡಕ್ಕೆ ನೂರೈವತ್ತರಂತೆ ಸಿಕ್ಕಿತು, ಎಂಟು ಬರಿದು. ಕಟ್ಟೆಯ ಪುಸ್ತಕದಲ್ಲಿ ದೋಣಿಗೆ ನೂರಿದ್ದದ್ದು ನೂರೈವತ್ತಾಗಿದೆ, ಅಂದಮೇಲೆ ಕಡಲು ಸಮೃದ್ಧವಾಗಿದೆ! ನಿಜದಲ್ಲಿ ನಲುವತ್ತು ಮೂವತ್ತಕ್ಕೆ ಇಳಿದಿದೆ. ಬರೆದವನು ಸುಳ್ಳು ಬರೆದಿಲ್ಲ, ಕಂಡದ್ದನ್ನೆಲ್ಲ ಬರೆದಿದ್ದಾನೆ. ಅವನ ಕಣ್ಣಿಗೆ ಬೀಳದ ಎಂಟು ದೋಣಿಗಳು ಲೆಕ್ಕವನ್ನು ತಲೆಕೆಳಗು ಮಾಡಿದುವು. ತಿಳಿದ ಲೆಕ್ಕಿಗರು ಅದಕ್ಕೇ ದಡದಲ್ಲಿ ಒಟ್ಟು ಎಷ್ಟು ದೋಣಿಗಳು ನೀರಿಗಿಳಿದುವು ಎಂಬುದನ್ನು ಬೇರೆಯಾಗಿ ವಿಚಾರಿಸಿಕೊಳ್ಳುತ್ತಾರೆ.

ಇಲ್ಲಿ ರಂಪಣಿಯ ನೆನಪು ಮಾಡಿಕೊಳ್ಳದಿರಲಾರೆ. ನಾನು ಹುಡುಗನಾಗಿದ್ದಾಗ, ಅಂದರೆ 1970ರ ಆಸುಪಾಸಿನಲ್ಲಿ, ರಜೆಗೆಂದು ಅಜ್ಜಿಯ ಮನೆಗೆ ಹೋದರೆ ನಮ್ಮ ದೊಡ್ಡ ಉತ್ಸವವೇ ರಂಪಣಿ ಎಳೆಯುವುದನ್ನು ನೋಡುವುದಾಗಿತ್ತು. ಗೋವೆಯ ಕಡೆಯಿಂದ ನಮ್ಮ ತೀರಕ್ಕೆ ಬಂದದ್ದೆಂದು ಹೇಳುವ ಈ ಬಲೆ ಅರ್ಧ ಮೈಲಿಗೂ ಮಿಕ್ಕಿದ ಉದ್ದದ್ದು. ಮೀನಿನ ಹಿಂಡು ದಡದ ಸಮೀಪಕ್ಕೆ ಬಂದುದನ್ನು ನೀರಿನ ಬಣ್ಣದಿಂದಲೂ ಹಕ್ಕಿಗಳ ಹಾರಾಟದಿಂದಲೂ ಹಿರಿಯರು ಗುರುತಿಸಿ ಕೂಗು ಹಾಕುತ್ತಿದ್ದರು. ದೋಣಿಯೊಂದು ಬಲೆಯನ್ನು ಬಿಡುತ್ತ ಅರ್ಧಚಂದ್ರಾಕಾರವಾಗಿ ಸುತ್ತಿ ಬರುತ್ತಿತ್ತು. ಬಳಿಕ ದಡದಲ್ಲಿ ಎರಡು ಸಾಲಾಗಿ ಎಂಬತ್ತು ನೂರು ಜನ ಮೊಗವೀರರು ಹಗ್ಗ ಹಿಡಿದು ಎಳೆಯುತ್ತಿದ್ದರು. ಬಲೆಗೊಂದು ಪಾಲು, ದೋಣಿಗೊಂದು ಪಾಲು, ಎಳೆದವರಿಗೆ ಪಾಲು. ಕೆಲವೊಮ್ಮೆ ಬೂತಾಯಿ ಎಷ್ಟು ಬಂದೀತೆಂದರೆ, ತಿಂದು ಮಾರಿ ಉಳಿದದ್ದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು.

ರಂಪಣಿಯ ವಿಶೇಷವೆಂದರೆ ಅದು ಮೀನನ್ನು ಅರಸಿಕೊಂಡು ಹೋಗುವ ಬಲೆಯಲ್ಲ. ಅದು ಕಾಯುತ್ತದೆ. ಮೀನು ಬಂದರೆ ಉಂಟು, ಬಾರದಿದ್ದರೆ ಇಲ್ಲ. ನೂರು ಜನ ಹತ್ತು ದಿನ ದಡದಲ್ಲಿ ಕುಳಿತು, ಹನ್ನೊಂದನೆಯ ದಿನ ಒಮ್ಮೆ ಎಳೆದರು ಎನ್ನೋಣ. ಪುಸ್ತಕದಲ್ಲಿ 'ಎಳೆತ ಒಂದು' ಎಂದು ಬರೆದರೆ ಕಾದ ಹತ್ತು ದಿನಗಳು ಎಲ್ಲಿ ಹೋದುವು? 1970ರ ದಶಕದ ಮಧ್ಯಭಾಗದಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ಬಲೆ ಬಂತು. ಯಂತ್ರದ ದೋಣಿ ಕಡಲಿನಲ್ಲಿ ಹಿಂಡನ್ನು ಹುಡುಕಿ, ಸುತ್ತುವರಿದು, ಚೀಲದ ಬಾಯಿಯನ್ನು ಬಿಗಿದಂತೆ ಬಲೆಯ ತಳವನ್ನು ಬಿಗಿಯುವ ವಿಧಾನ ಅದು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದುವು. ಆಗ ದಡದವರಿಗೂ ಪರ್ಸೀನಿನವರಿಗೂ ನಡೆದ ಜಗಳಗಳನ್ನು ನನ್ನ ವಯಸ್ಸಿನವರು ಮರೆತಿರಲಾರರು. ನಾನು ಇಲ್ಲಿ ಯಾರ ಪಕ್ಷವನ್ನೂ ವಹಿಸಹೊರಟಿಲ್ಲ. ರಂಪಣಿ ಬಿಟ್ಟ ಮನೆಗಳ ಮಕ್ಕಳೇ ಮುಂದೆ ಯಂತ್ರದ ದೋಣಿಗಳಿಗೆ ಹೋದರು ಎಂಬುದೂ ನಿಜವೇ. ನನ್ನ ಮಾತು ಲೆಕ್ಕದ ಬಗೆಗೆ. ಹಿಡಿತದ ಒಟ್ಟು ಮೊತ್ತವನ್ನು ಮಾತ್ರ ನೋಡಿದರೆ, ಒಬ್ಬರ ಬಲೆಯಿಂದ ಇನ್ನೊಬ್ಬರ ಬಲೆಗೆ ಮೀನು ದಾಟಿದ್ದು ಕಾಣುವುದೇ ಇಲ್ಲ. ಪ್ರತಿಯೊಂದು ಬಲೆಯ ದುಡಿಮೆಯನ್ನೂ ಬೇರೆ ಬೇರೆಯಾಗಿ ಬರೆದಿದ್ದರೆ ಮಾತ್ರ ಅದು ಕಾಣುತ್ತದೆ.

ಕಾಯುವ ಬಲೆಗೂ ಅರಸುವ ಬಲೆಗೂ ಇರುವ ಈ ಭೇದವನ್ನು ಮರೆತುದರಿಂದ ಒಂದು ದೇಶಕ್ಕೆ ಏನಾಯಿತೆಂಬುದಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಸಾಕ್ಷಿ. ಅಲ್ಲಿ ಶತಮಾನಗಳಿಂದ ಕಾಡ್ ಎಂಬ ಮೀನನ್ನೇ ನಂಬಿಕೊಂಡು ಜನ ಬದುಕಿದ್ದರು. ದಡದ ಸಣ್ಣ ಮೀನುಗಾರರು ಮೀನು ಬರುವ ದಾರಿಯಲ್ಲಿ ಬಲೆ ಕಟ್ಟಿ ಕಾಯುವವರು. ದೊಡ್ಡ ಹಡಗುಗಳು ಆಳಕಡಲಿನಲ್ಲಿ ಅರಸುವವು. 1980ರ ದಶಕದಲ್ಲಿ ದಡದವರು ಮೀನು ಕಡಿಮೆಯಾಗಿದೆ, ಗಾತ್ರವೂ ಸಣ್ಣದಾಗಿದೆ ಎಂದು ದೂರತೊಡಗಿದರು. ಹಡಗುಗಳ ಲೆಕ್ಕವಾದರೋ ಗಂಟೆಗೆ ಸಿಗುವ ಮೀನು ಚೆನ್ನಾಗಿಯೇ ಇದೆಯೆಂದು ಹೇಳುತ್ತಿತ್ತು. ತಜ್ಞರು ಆ ಲೆಕ್ಕವನ್ನು ಬಹಳಮಟ್ಟಿಗೆ ನೆಚ್ಚಿದರು. ಉಳಿದ ಮೀನುಗಳು ಒತ್ತಾಗಿ ಒಂದೆಡೆ ಸೇರುತ್ತಿದ್ದುವು, ಹಡಗುಗಳು ಉಪಕರಣಗಳ ಬಲದಿಂದ ಆ ಎಡೆಗೇ ಹೋಗುತ್ತಿದ್ದುವು. ಹಾಗಾಗಿ ಕಣಜ ಬರಿದಾಗುತ್ತ ಬಂದರೂ ಮೊಗೆಯುವ ಸೇರು ತುಂಬಿಯೇ ಬರುತ್ತಿತ್ತು. 1992ರ ಜುಲೈ 2ರಂದು ಸರಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಸುಮಾರು ಮೂವತ್ತು ಸಾವಿರ ಜನ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆಂದು ಸಾರಿದ ನಿಷೇಧ 2024ರವರೆಗೆ ನಡೆಯಿತು.

ಬೂತಾಯಿಯೂ ಬಂಗುಡೆಯೂ ಹಿಂಡುಗಟ್ಟುವ ಮೀನುಗಳೇ ಎಂಬುದನ್ನು ನೆನೆದಾಗ ಈ ಕಥೆ ನಮಗೆ ದೂರದ್ದೆನಿಸುವುದಿಲ್ಲ. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ಬಂದದ್ದು 3,297 ಟನ್. ಟನ್ನುಗಳೇ, ಲಕ್ಷಗಳಲ್ಲ. ಇದಕ್ಕೆಲ್ಲ ಬಲೆಯೇ ಕಾರಣವೆಂದು ಹೇಳುವುದು ಅವಸರದ ಮಾತಾದೀತು. 2015ರ ಎಲ್ ನಿನೊದಂತಹ ಕಡಲಿನ ಏರುಪೇರುಗಳಿಗೆ ಬೂತಾಯಿ ಬಹು ಬೇಗ ಮಣಿಯುತ್ತದೆಂದು ವಿಜ್ಞಾನಿಗಳು ಹೇಳಿದ್ದಾರೆ. ದೊಡ್ಡ ಬಲೆಗಳಿಲ್ಲದ ಕಾಲದಲ್ಲಿಯೂ ಅದು ಕೆಲವು ವರ್ಷ ಕಣ್ಮರೆಯಾಗಿ ಮತ್ತೆ ಬಂದದ್ದುಂಟು. ಯಾವುದು ಕಡಲಿನ ಸ್ವಭಾವ, ಯಾವುದು ನಮ್ಮ ಕೈವಾಡ ಎಂದು ಬಿಡಿಸಿ ಹೇಳಲು ದೀರ್ಘಕಾಲದ, ನಂಬುಗೆಗೆ ಅರ್ಹವಾದ ದುಡಿಮೆಯ ಲೆಕ್ಕ ಬೇಕು. ಅದಿಲ್ಲದಲ್ಲಿ ದಡದವರು ಹಡಗಿನವರನ್ನು ಬೈಯುತ್ತಾರೆ, ಹಡಗಿನವರು ಹವಾಮಾನವನ್ನು ಬೈಯುತ್ತಾರೆ.

ಸಣ್ಣ ಮೀನುಗಾರಿಕೆಯ ಇನ್ನೂ ಕೆಲವು ದುಡಿಮೆಗಳಂತೂ ಯಾವ ಅಂಕಣಕ್ಕೂ ಸುಲಭವಾಗಿ ಹೊಂದುವುದಿಲ್ಲ. ನೇತ್ರಾವತಿ, ಗುರುಪುರ ನದಿಗಳು ಕೂಡುವ ಅಳಿವೆಯಲ್ಲಿ ನೀರು ಇಳಿದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರನ್ನು ನೀವು ಕಂಡಿರಬಹುದು. ಅವರಲ್ಲಿ ಹೆಂಗಸರೂ ಇದ್ದಾರೆ. ಅವರಿಗೆ ದೋಣಿಯಿಲ್ಲ, ಕೆಲವೊಮ್ಮೆ ಬಲೆಯೂ ಇಲ್ಲ. ಬುಟ್ಟಿ ನೇರವಾಗಿ ಮನೆಬಾಗಿಲಿನ ಗಿರಾಕಿಗೆ ಹೋಗುತ್ತದೆ. ಮಳೆಗಾಲದ ಮಾತೂ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧ, ನಾಡದೋಣಿಗೆ ವಿನಾಯಿತಿ. ಮೀನಿಗೆ ಒಳ್ಳೆಯ ಬೆಲೆಯಿರುವುದು ಆಗಲೇ. ಆದರೆ ಅಳಿವೆಬಾಗಿಲಿನ ಅಲೆ ದಾಟಲು ಬಿಡುವುದು ಎಷ್ಟು ದಿನ? ಅಣಿಯಾಗಿ, ಬಲೆ ಹೇರಿ, ನೀರು ನೋಡಿ, ಮತ್ತೆ ಬಲೆ ಇಳಿಸಿ ಮನೆಗೆ ಹೋದ ದಿನವನ್ನು ದುಡಿಮೆಯೆನ್ನಬೇಕೋ ಬೇಡವೋ? ಶಾಸ್ತ್ರ ಬೇಡವೆಂದೀತು, ಮೀನು ಸಾಯಲಿಲ್ಲವಲ್ಲ. ಮನೆಯವರು ಬೇಕೆಂದಾರು, ದಿನ ಹೋಯಿತಲ್ಲ.

ಕಳೆದ ಮಳೆಗಾಲದಲ್ಲಿ ನನ್ನ ವಿದ್ಯಾರ್ಥಿ ಒಂದು ನಾಡದೋಣಿಯ ಮನೆಗೆ ನನ್ನನ್ನು ಕರೆದುಕೊಂಡು ಹೋಗಿ ಅವರ ಪಾಲಿನ ಪುಸ್ತಕವನ್ನು ತೋರಿಸಿದ. ಅಂಗಡಿಯ ಉದ್ದನೆಯ ಲೆಕ್ಕದ ಪುಸ್ತಕ, ಉಪ್ಪುಗಾಳಿಗೆ ಅಂಚು ಮೆತ್ತಗಾಗಿತ್ತು. ದೋಣಿ ನೀರಿಗಿಳಿದ ಒಂದೊಂದು ದಿನಕ್ಕೂ ಒಂದು ಸಾಲು. ಎಣ್ಣೆಗೆ ಇಷ್ಟು, ಬಲೆಯ ರಿಪೇರಿಗೆ ಇಷ್ಟು, ಹೋದ ಆಳು ಇಷ್ಟು, ಮಾರಿದ್ದು ಇಷ್ಟು, ತಲೆಗೆ ಬಂದ ಪಾಲು ಇಷ್ಟು. ವಿಜ್ಞಾನಿಗಳು ದುಡಿಮೆಯೆಂದು ಅರಸುವುದೆಲ್ಲ ಅಲ್ಲಿತ್ತು, ಸಾಲದ ರೂಪದಲ್ಲಿ. ಮೀನು ಸಿಗದ ದಿನವೂ ಎಣ್ಣೆಯ ಹಣವನ್ನು ಯಾರಾದರೂ ಹೊರಬೇಕಾದುದರಿಂದ, ಕಟ್ಟೆಯ ಪುಸ್ತಕದಲ್ಲಿ ಬಿಟ್ಟುಹೋಗುವ ಬರಿಯ ದಿನಗಳು ಈ ಪುಸ್ತಕದಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ. ಇಂತಹ ಪುಸ್ತಕಗಳು ಹಳೆಯವಾದ ಮೇಲೆ ಏನಾಗುತ್ತವೆ ಎಂದು ಕೇಳಿದೆ. ಒಲೆ ಹೊತ್ತಿಸಲು ಆಗುತ್ತದೆ ಎಂದು ಆ ಮನೆಯಾಕೆ ನಕ್ಕರು. ತಾಳೆಗರಿಗಳು ಹೀಗೆ ಒಲೆ ಸೇರಿದ ಕಥೆಯನ್ನು ವರ್ಷ ವರ್ಷವೂ ತರಗತಿಯಲ್ಲಿ ಹೇಳಿದವನು ನಾನು. ಹಳೆಯ ಪುಸ್ತಕಗಳನ್ನು ನನಗೆ ಕೊಡಬಹುದೇ ಎಂದು ಸಂಕೋಚದಿಂದಲೇ ಕೇಳಿದೆ. ಸಾಲದ ವಿಷಯ ಇದೆ, ಯೋಚಿಸಿ ಹೇಳುತ್ತೇವೆ ಎಂದರು. ನ್ಯಾಯವೇ. ಬೇರೆಯವರ ಹೆಸರುಗಳನ್ನು ಮುಚ್ಚಿ, ದಿನ, ಆಳು, ಎಣ್ಣೆ, ಮೀನುಗಳನ್ನು ಮಾತ್ರ ನಕಲು ಮಾಡಿಕೊಳ್ಳುವುದಕ್ಕೆ ಕೊನೆಗೆ ಒಪ್ಪಿಗೆಯಾಯಿತು. ವಾರಕ್ಕೆ ಎರಡು ಸಂಜೆ ನಾನು ಅಲ್ಲಿಗೆ ಹೋಗುತ್ತೇನೆ. ಮೊದಲನೆಯ ಪುಸ್ತಕದಲ್ಲಿ 'ಇಲ್ಲ' ಎಂದು ಬರೆದ ಸಾಲುಗಳ ಎಣಿಕೆ ಇನ್ನೂ ನಡೆಯುತ್ತಿದೆ.